ಸುಮ್ನೆ ಹೋಗಿ ಬರೋಕೆ ಕಾರಣ ಯಾಕೆ ಬೇಕು?

ನಮ್ಮ ಕಡೆ ಹೊರಟವರನ್ನ "ಎಲ್ಲಿಗೆ?" ಅಂತ ಕೇಳಬಾರದು. ಕೇಳಿದ್ರೆ ಹೋದ ಕೆಲಸ ಕೆಡುತ್ತೆ ಅನ್ನೋ ನಂಬಿಕೆ. ಅದಕ್ಕೇ "ದೂರ ಹೊರಟ್ರಾ?" ಅಂತಾರೆ. ಎಷ್ಟು ನಯವಾದ ಪ್ರಶ್ನೆ ಅಲ್ವಾ? ಉತ್ತರ ಹೇಳ್ಲೇಬೇಕು ಅಂತೇನಿಲ್ಲ, "ಹೂಂ, ಇಲ್ಲೇ ಸ್ವಲ್ಪ..." ಅಂದ್ರೂ ಸಾಕು. ಆದ್ರೆ ಈ ನಯ ಎಲ್ಲಾ ಗಂಡಸರಿಗೆ ಮಾತ್ರ. ಹೊರಟವಳು ಹೆಂಗಸಾಗಿದ್ರೆ ಹಿಂದೇನೇ ಇನ್ನೂ ಮೂರು ಪ್ರಶ್ನೆ ಬರುತ್ತೆ. "ಏನ್ ವಿಶೇಷ?" "ಯಾರ್ ಜೊತೆ?" "ಎಷ್ಟೊತ್ತಿಗೆ ವಾಪಸ್ಸು?"

ನನ್ನ ತಮ್ಮ ಬೈಕ್ ತಗೊಂಡು ಹೊರಟಾಗ "ಸುಮ್ನೆ, ಹಂಗೇ ಒಂದ್ ರೌಂಡು" ಅಂತಾನೆ. ಅಲ್ಲಿಗೆ ಮುಗೀತು. ಅದೇ ಮಾತನ್ನ ನಾನು ಹೇಳಿದ್ರೆ ಮನೇಲಿ ಎಲ್ರೂ ಮುಖ ಮುಖ ನೋಡ್ಕೋತಾರೆ. ಹೆಣ್ಣುಮಕ್ಕಳು ಸುಮ್ನೆ ಹೋಗೋ ಹಾಗಿಲ್ಲ. ಮದುವೆ ಇರಬೇಕು, ನಾಮಕರಣ ಇರಬೇಕು, ಯಾರದ್ದೋ ಬಾಣಂತನ ಇರಬೇಕು, ತಿಥಿ ಇರಬೇಕು, ಆಸ್ಪತ್ರೆ ಇರಬೇಕು. ಏನೂ ಇಲ್ಲ ಅಂದ್ರೆ ಕೊನೇಪಕ್ಷ ಒಂದು ಹರಕೆ ಆದ್ರೂ ಬಾಕಿ ಇರಬೇಕು!

ಈ ಬೇಸಿಗೆ ಪೂರ್ತಿ ನಾನು ಯೋಚನೆ ಮಾಡಿದ್ದು ಇದನ್ನೇ. ಯಾಕಂದ್ರೆ ಈ ಸಲ ನಾನು ಮೂರು ಕಡೆ ಹೋಗಿ ಬಂದೆ, ಮೂರಕ್ಕೂ ಕಾರಣ ಇರಲಿಲ್ಲ.

ಆಫೀಸಲ್ಲಿ "ಸಮ್ಮರ್ ಪ್ಲಾನ್ ಏನು?" ಅಂತ ಕೇಳಿದವರಿಗೆಲ್ಲ ನನ್ನ ಪಟ್ಟಿ ಕೇಳಿ ನಿರಾಸೆ ಆಯ್ತು. ಒಬ್ಬರು ಮನಾಲಿ, ಒಬ್ಬರು ವಿಯೆಟ್ನಾಂ, ಇನ್ನೊಬ್ಬರು ಬಾಲಿ. ನನ್ನದು ಚಿತ್ರದುರ್ಗ, ಶ್ರವಣಬೆಳಗೊಳ, ಹಳೇಬೀಡು. "ಅಷ್ಟೇನಾ? ಅದು ಸ್ಕೂಲ್ ಟ್ರಿಪ್ಪಲ್ಲಿ ನೋಡಿರೋದಲ್ವಾ?" ಅಂದ್ರು. ಹೌದು, ನೋಡಿದ್ದೆ. ಏಳನೇ ಕ್ಲಾಸಲ್ಲಿ, ಇಬ್ಬಿಬ್ಬರ ಸಾಲಲ್ಲಿ ಕೈ ಹಿಡ್ಕೊಂಡು, ಮೇಷ್ಟ್ರು ಶಿಳ್ಳೆ ಹೊಡೆದಾಗ ನಿಂತು, ಮತ್ತೆ ಶಿಳ್ಳೆ ಹೊಡೆದಾಗ ಹೊರಟು. ಅದು ನೋಡಿದ ಲೆಕ್ಕಕ್ಕೆ ಬರುತ್ತಾ ನೀವೇ ಹೇಳಿ. ನನಗಂತೂ ನೆನಪಿರೋದು ಪುಳಿಯೋಗರೆ ಡಬ್ಬಿ ಮಾತ್ರ :-)

ಚಿತ್ರದುರ್ಗಕ್ಕೆ ಇಬ್ಬರು ಗೆಳತಿಯರ ಜೊತೆ ಹೋಗಿದ್ದು. ಬೆಂಗಳೂರಿಂದ ಸುಮಾರು 200 ಕಿ.ಮೀ. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಇಳಿದು, ಬಿಸಿಲು ಏರೋಕೆ ಮೊದಲೇ ಕೋಟೆ ಒಳಗಿದ್ವಿ. ಏಳು ಸುತ್ತಿನ ಕೋಟೆ ಅಂದ್ರೆ ಏನು ಅಂತ ನಡೆದಾಗಲೇ ಗೊತ್ತಾಗೋದು. ಒಂದು ಬಾಗಿಲಿಂದ ಇನ್ನೊಂದು ಬಾಗಿಲು ಕಾಣಲ್ಲ, ದಾರಿ ತಿರುಗಿ ತಿರುಗಿ ಹೋಗುತ್ತೆ. ನುಗ್ಗಿ ಬರೋ ಶತ್ರು ಎಲ್ಲೂ ನೇರವಾಗಿ ಓಡೋ ಹಾಗಿಲ್ಲ! ಆ ಕಲ್ಲುಗುಡ್ಡದ ಮೇಲೆ ನೀರು ಹೇಗೆ ಅಂತ ಕೇಳೋರು ಅಕ್ಕತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಬೇಕು. ಮಳೆ ನೀರನ್ನ ಹಿಡಿದಿಟ್ಟುಕೊಳ್ಳೋ ಲೆಕ್ಕಾಚಾರ ಅದು. ಕೊನೆಗೆ ಓಬವ್ವನ ಕಿಂಡಿ. ಅಲ್ಲಿ ನಿಂತಾಗ ನನ್ನ ಗೆಳತಿ ಒಂದು ಮಾತು ಹೇಳಿದ್ಲು, ನಾವು ಮೂರೂ ಜನ ನಕ್ಕಿದ್ದೇ ನಕ್ಕಿದ್ದು. "ನೋಡ್ರೇ, ಓಬವ್ವ ಕೂಡ ಸುಮ್ನೆ ಹೊರಗೆ ಬಂದೋಳಲ್ಲ, ಗಂಡ ಊಟಕ್ಕೆ ಕೂತಿದ್ದ, ನೀರು ತರೋಕೆ ಅಂತ ಬಂದಿದ್ಲು!"

ನಕ್ಕು ಮುಗಿದ ಮೇಲೆ ಮೂವರೂ ಸ್ವಲ್ಪ ಹೊತ್ತು ಸುಮ್ನಾದ್ವಿ. ನಮ್ಮ ಕಥೆಗಳಲ್ಲಿ ಕೂಡ ಹೆಂಗಸು ಮನೆಯಿಂದ ಆಚೆ ಬರಬೇಕಾದ್ರೆ ಕೈಯಲ್ಲಿ ಒಂದು ಕೊಡ ಇರಬೇಕು.

ಶ್ರವಣಬೆಳಗೊಳಕ್ಕೆ ಒಬ್ಬಳೇ ಹೋಗಿದ್ದು. ವಿಂಧ್ಯಗಿರಿ ಬೆಟ್ಟದ ಮೆಟ್ಟಿಲನ್ನ ಚಪ್ಪಲಿ ಬಿಟ್ಟು ಹತ್ತಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಹೋಗೋರು ಒಂದು ಜೊತೆ ದಪ್ಪ ಕಾಲುಚೀಲ ಇಟ್ಕೊಳ್ಳಿ, ಇಲ್ಲಾಂದ್ರೆ ಒಂಬತ್ತು ಗಂಟೆ ಮೇಲೆ ಬಂಡೆ ಕಾವಲಿ ಆಗಿರುತ್ತೆ. 58 ಅಡಿ ಗೊಮ್ಮಟನ ಬಗ್ಗೆ ನಾನು ಹೊಸದಾಗಿ ಹೇಳೋದೇನಿಲ್ಲ. ಚಾವುಂಡರಾಯ ಕಟ್ಟಿಸಿದ್ದು, ಕ್ರಿ.ಶ. 981, ಪರೀಕ್ಷೆಗೆ ಎಲ್ರೂ ಉರು ಹೊಡೆದಿರ್ತೀವಿ. ಆದ್ರೆ ಅದರ ಹಿಂದಿನ ಐತಿಹ್ಯ ನೆನಪಿದೆಯಾ? ಚಾವುಂಡರಾಯನ ತಾಯಿ ಕಾಳಲಾದೇವಿಗೆ ಪೌದನಪುರದ ಬಾಹುಬಲಿಯನ್ನ ನೋಡಬೇಕು ಅಂತ ಆಸೆ ಆಯ್ತಂತೆ. ನೋಡೋವರೆಗೂ ಹಾಲು ಮುಟ್ಟಲ್ಲ ಅಂತ ವ್ರತ ಹಿಡಿದಳಂತೆ. ಮಗ ತಾಯಿಯನ್ನ ಕರ್ಕೊಂಡು ಹೊರಟ. ದಾರೀಲಿ ಇಲ್ಲಿ ತಂಗಿದಾಗ ಆದ ಕನಸಿನಿಂದ ಈ ಮೂರ್ತಿ ಎದ್ದು ನಿಂತಿದ್ದು ಅಂತ ಕಥೆ.

ಇದು ಇತಿಹಾಸವೋ ಕಥೆಯೋ ಅನ್ನೋದು ಪಕ್ಕಕ್ಕಿರ್ಲಿ. ನನಗೆ ಹಿಡಿಸಿದ್ದು ಅದರ ಶುರು. ಒಬ್ಬ ತಾಯಿಗೆ ಏನನ್ನೋ ನೋಡಬೇಕು ಅನ್ನಿಸಿತು, ಮಗ "ಯಾಕೆ?" ಅನ್ನಲಿಲ್ಲ. ಎದುರಿಗೇ ಕೈಯಲ್ಲಿ ಪುಟ್ಟ ಬಟ್ಟಲು ಹಿಡಿದು ನಿಂತಿರೋ ಗುಳ್ಳಕಾಯಜ್ಜಿಯನ್ನೂ ನೋಡಿ. ಆ ವಯಸ್ಸಲ್ಲಿ, ಒಬ್ಬಳೇ, ಬೆಟ್ಟ ಹತ್ತಿ ಬಂದ ಮುದುಕಿ! ಯಾರೂ ಕರೆಯದೇ ಬಂದವಳು. ಅವಳ ಹಾಲಿನಿಂದಲೇ ಅಭಿಷೇಕ ಪೂರ್ತಿ ಆಯ್ತು ಅಂತ ನಂಬೋ ಊರಲ್ಲಿ, ನಾನು ಒಂಟಿಯಾಗಿ ಹೋಗಿದ್ದಕ್ಕೆ ಹೋಟೆಲಿನವರು "ಜೊತೇಲಿ ಯಾರೂ ಬಂದಿಲ್ವಾಮ್ಮಾ?" ಅಂತ ಎರಡು ಸಲ ಕೇಳಿದ್ರು. ಕಾಳಜಿಯಿಂದಲೇ ಕೇಳಿದ್ದು, ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಪಕ್ಕದ ಮೇಜಲ್ಲಿ ಒಬ್ಬನೇ ಕೂತು ಇಡ್ಲಿ ತಿಂತಿದ್ದ ಹುಡುಗನನ್ನ ಯಾರೂ ಕೇಳಲಿಲ್ಲ.

ಇನ್ನು ಹಳೇಬೀಡು. ಈ ಬರಹಕ್ಕೆ ಅದೇ ಮುಖ್ಯ.

ನಮ್ಮೂರು ಅರಸೀಕೆರೆ ಪಕ್ಕದ ಒಂದು ಹಳ್ಳಿ. ಅಲ್ಲಿಂದ ಜಾವಗಲ್ ಮೇಲೆ ಹಳೇಬೀಡಿಗೆ ಸುಮಾರು 40 ಕಿ.ಮೀ. ನಮ್ಮಮ್ಮ ಮದುವೆಯಾಗಿ ಬಂದು 33 ವರ್ಷ, ತವರು ಕೂಡ ಅದೇ ತಾಲ್ಲೂಕು. ಅಮ್ಮ ಹಳೇಬೀಡು ನೋಡಿರಲಿಲ್ಲ. ಬೇಲೂರೂ ನೋಡಿರಲಿಲ್ಲ. ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬಂದು ಫೋಟೋ ಹೊಡ್ಕೊಂಡು ಹೋಗ್ತಾರೆ, 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು, ಪೇಪರಲ್ಲಿ ದೊಡ್ಡದಾಗಿ ಬಂತು. ಆ ಪೇಪರನ್ನ ಅಮ್ಮ ಡಬ್ಬಿ ಕೆಳಗೆ ಹಾಸಿದ್ರು. ಚಿತ್ರ ಮೇಲೆ ಕಾಣೋ ಹಾಗೆ!

ಅಮ್ಮ ಎಲ್ಲೂ ಹೋಗೇ ಇಲ್ಲ ಅಂತಲ್ಲ. ಹುಣ್ಣಿಮೆಗೆ ಜೇನುಕಲ್ಲು ಸಿದ್ದೇಶ್ವರ ಬೆಟ್ಟಕ್ಕೆ ಹೋಗಿದ್ದಾರೆ. ಧರ್ಮಸ್ಥಳಕ್ಕೆ ಒಂದು ಸಲ. ಹಾಸನಕ್ಕೆ ಅಂತೂ ಎಷ್ಟೋ ಸಲ, ಅಜ್ಜಿಯ ಕಣ್ಣಿನ ಆಪರೇಷನ್, ಅಪ್ಪನ ಸಕ್ಕರೆ ಕಾಯಿಲೆ, ತಮ್ಮನ ಕಾಲೇಜು ಅಡ್ಮಿಷನ್ನು. ಲೆಕ್ಕ ಹಾಕಿದ್ರೆ ಅಮ್ಮನ ಪ್ರಯಾಣಗಳಲ್ಲಿ ಅರ್ಧ ದೇವರಿಗೆ, ಅರ್ಧ ಬೇರೆಯವರ ಕೆಲಸಕ್ಕೆ. ಅಮ್ಮನಿಗೆ ಅಂತ ಒಂದೂ ಇಲ್ಲ.

"ಯಾಕಮ್ಮಾ ಹೋಗಲಿಲ್ಲ, ಇಷ್ಟು ಹತ್ರ ಇದ್ದು?" ಅಂತ ಕೇಳಿದೆ.

"ಚಿಕ್ಕೋಳಿದ್ದಾಗ ನಮ್ಮಪ್ಪನ್ನ ಕೇಳಿದ್ದೆ ಕಣೇ. ಮದ್ವೆ ಆದ್ಮೇಲೆ ಗಂಡನ್ ಜೊತೆ ಹೋಗುವಂತೆ ಅಂದ್ರು. ಆಮೇಲೆ ನೀವಾದ್ರಿ. ಆಮೇಲೆ ದನ ಕರ, ತೋಟ... ಇವತ್ತೋ ನಾಳೆಯೋ ಅಂತ ಹಂಗೇ ಆಯ್ತು."

"ಮದ್ವೆ ಆದ್ಮೇಲೆ ಹೋಗುವಂತೆ." ಈ ಮಾತು ನನಗೆ ಹೊಸದಲ್ಲ. ಈ ವರ್ಷ ನನಗೆ ಗಂಡು ನೋಡೋಕೆ ಶುರು ಮಾಡಿದ್ದಾರೆ. ಹಾಗಾಗಿ ನಾನು ಏನೇ ಕೇಳಿದ್ರೂ ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ರ ಬಾಯಲ್ಲೂ ಇದೊಂದೇ ಉತ್ತರ. ಟ್ರೆಕ್ಕಿಂಗಾ? ಮದ್ವೆ ಆದ್ಮೇಲೆ. ಹಂಪೀನಾ? ಮದ್ವೆ ಆದ್ಮೇಲೆ. ನೇಮಿಚಂದ್ರ ಅವರ "ಪೆರುವಿನ ಪವಿತ್ರ ಕಣಿವೆಯಲ್ಲಿ" ಓದಿ ಪೆರುವಿಗೆ ಹೋಗ್ತೀನಿ ಅಂತ ಹಠ ಹಿಡಿದ ವಯಸ್ಸೂ ಒಂದಿತ್ತು, ಆಗಲೂ ಅದೇ ಮಾತು. ಅದನ್ನ ಹೇಳೋರಿಗೆ ಕೆಟ್ಟ ಉದ್ದೇಶ ಇಲ್ಲ. ಆದ್ರೆ ಆ ಮಾತನ್ನ ಕೇಳಿ ಸುಮ್ನಾದವರ ಗತಿ ಏನಾಗುತ್ತೆ ಅನ್ನೋದಕ್ಕೆ ನಮ್ಮನೇಲೇ ಸಾಕ್ಷಿ ಇದೆ. 40 ಕಿ.ಮೀ. ದಾಟೋಕೆ 33 ವರ್ಷ.

ಹೊರಟಾಗ ಅಪ್ಪ "ಈ ಬಿಸಿಲಲ್ಲಿ ಯಾಕೆ, ಮಳೆ ಬಿದ್ಮೇಲೆ ಹೋದ್ರಾಯ್ತು" ಅಂದ್ರು. ದೊಡ್ಡಮ್ಮ ಫೋನಲ್ಲಿ "ಬೆಳೆದ ಮಗಳನ್ನ ಕಟ್ಕೊಂಡು ಊರೂರು ಸುತ್ತೋ ವಯಸ್ಸೇನೇ ನಿಂದು" ಅಂದ್ರು. ಅಮ್ಮ ಒಂದು ಕ್ಷಣ ಹಿಂದೆ ಮುಂದೆ ನೋಡಿದ್ರು, ಆಮೇಲೆ "ಚೆನ್ನಕೇಶವನಿಗೆ ಹಣ್ಣುಕಾಯಿ ಮಾಡಿಸ್ಕೊಂಡು ಬರ್ತೀವಿ" ಅಂದ್ರು. ನೋಡಿ, ಕಾರಣ ಹುಟ್ಟಿತು! ಯಾರೂ ಮುಂದೆ ಮಾತಾಡಲಿಲ್ಲ.

ಹಳೇಬೀಡಲ್ಲಿ ನಾವು ಗೈಡ್ ಹಿಡೀಲಿಲ್ಲ. ಹಿಡಿಯೋದೇ ಬೇಕಾಗಲಿಲ್ಲ. ನಾನು ನಕ್ಷತ್ರಾಕಾರದ ಜಗತಿ, ವಿಷ್ಣುವರ್ಧನನ ಕಾಲ, ಹೊಯ್ಸಳೇಶ್ವರ ಶಾಂತಲೇಶ್ವರ ಅಂತ ಎರಡು ಗುಡಿ ಅಂತೆಲ್ಲ ಓದ್ಕೊಂಡು ಹೋಗಿದ್ದೆ. ಅಮ್ಮ ಗೋಡೆ ಹತ್ರ ಹೋಗಿ ನಿಂತು, "ಇದು ನೋಡೇ, ರಾವಣ ಕೈಲಾಸ ಎತ್ತಿರೋದು. ಮೇಲೆ ನೋಡು, ಶಿವ ಪಾರ್ವತಿ ಕೂತಿದಾರೆ" ಅಂದ್ರು. ಇನ್ನೊಂದು ಮೂಲೇಲಿ ಗೋವರ್ಧನ ಗಿರಿ, ಕೆಳಗೆ ದನಗಳು. ಮುಂದೆ ಒಂದು ಕಡೆ ಸುತ್ತು ಸುತ್ತಾಗಿ ಕೆತ್ತಿದ್ದನ್ನ ನಾನು ಏನೋ ಡಿಸೈನು ಅಂದ್ಕೊಂಡಿದ್ದೆ. ಅಮ್ಮ ಬೆರಳು ತೋರಿಸಿ "ಚಕ್ರವ್ಯೂಹ ಕಣೇ, ಅಭಿಮನ್ಯು" ಅಂದ್ರು. ಚಿಕ್ಕಂದಿನಲ್ಲಿ ಊರಲ್ಲಿ ರಾತ್ರಿಯೆಲ್ಲ ಕೂತು ನೋಡಿದ ತೊಗಲುಗೊಂಬೆಯಾಟ, ಶ್ರಾವಣದಲ್ಲಿ ದೇವಸ್ಥಾನದ ಕಟ್ಟೆ ಮೇಲೆ ಕೇಳಿದ ಹರಿಕಥೆ, ಎಲ್ಲಾ ಅಲ್ಲಿ ಕಲ್ಲಲ್ಲಿ ಇತ್ತು. ನಮ್ಮ ಹಿಂದೆ ಇದ್ದ ಯಾವುದೋ ಕುಟುಂಬದ ಮಕ್ಕಳು ಸ್ವಲ್ಪ ಹೊತ್ತಿಗೆ ನಮ್ಮ ಜೊತೇಲೇ ಬರೋಕೆ ಶುರು ಮಾಡಿದ್ರು, ಅಮ್ಮನ ಕಥೆ ಕೇಳೋಕೆ.

ಕಲ್ಲನ್ನ ಮುಟ್ಟದೇ ದೂರದಿಂದ ನೋಡಿ "ಇದು ಬಳಪದ ಕಲ್ಲಲ್ವಾ?" ಅಂತ ಕೇಳಿದ್ದೂ ಅಮ್ಮನೇ. ಹೌದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗೋ ಕಲ್ಲು. ಅದಕ್ಕೇ ಅಷ್ಟು ಸಣ್ಣ ಸರಗಳು, ಬಳೆಗಳು, ಉಗುರು ಕೂಡ ಕೆತ್ತೋಕೆ ಸಾಧ್ಯ ಆಗಿದ್ದು.

ಹೆಚ್ಚಿನವರು ದೊಡ್ಡ ಗುಡಿ ನೋಡಿ ಬಸ್ಸು ಹತ್ತಿಬಿಡ್ತಾರೆ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದ್ರೆ ಬಸದಿಗಳಿವೆ, ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಮ್ಮ ಮುಖಾನೇ ಕಾಣುತ್ತೆ, ಅಷ್ಟು ನುಣುಪು. ಇನ್ನೂ ಸ್ವಲ್ಪ ಮುಂದೆ ಕೇದಾರೇಶ್ವರ ಗುಡಿ. ಅದನ್ನ ಕಟ್ಟಿಸಿದ್ದು ಎರಡನೇ ಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ. ಬೇಲೂರಲ್ಲೂ ಹಾಗೇ, ಎಲ್ರೂ 1117ರ ಚೆನ್ನಕೇಶವನನ್ನ ನೋಡ್ತಾರೆ, ಅದೇ ಪ್ರಾಕಾರದಲ್ಲಿ ಪಕ್ಕಕ್ಕೇ ಇರೋ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲಾದೇವಿ ಕಟ್ಟಿಸಿದ್ದು ಅಂತ ಎಷ್ಟು ಜನ ನಿಂತು ಓದ್ತಾರೋ. ನಮ್ಮ ಜಿಲ್ಲೆಯ ಅರ್ಧ ಕಲ್ಲುಗಳ ಮೇಲೆ ಹೆಂಗಸರ ಹೆಸರಿದೆ. ಅಷ್ಟೇ ಯಾಕೆ, ಅರಸೀಕೆರೆ ಅನ್ನೋ ಹೆಸರೇ ಅರಸಿಯ ಕೆರೆ! ಕಟ್ಟಿಸೋಕೆ ಹೆಂಗಸರು ಬೇಕು, ನೋಡೋಕೆ ಹೋಗೋಕೆ ಮಾತ್ರ ಕಾರಣ ಕೊಡಬೇಕು.

ಈಗ ಬಸ್ಸಿನ ವಿಷಯಕ್ಕೆ ಬರ್ತೀನಿ, ಅದನ್ನ ಹೇಳದೇ ಇದು ಪೂರ್ತಿ ಆಗಲ್ಲ.

ಅಮ್ಮ ಹೊರಟಿದ್ದಕ್ಕೆ ಇನ್ನೊಂದು ಕಾರಣ, ಹೋಗಿ ಬರೋ ಬಸ್ಸಿಗೆ ದುಡ್ಡಿಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಬೇಕಾದ್ರೂ ಪುಕ್ಕಟೆ ಓಡಾಡಬಹುದು. ರಾಜಹಂಸ, ಐರಾವತ, ಎಸಿ ಬಸ್ಸಿಗೆ ಇದಿಲ್ಲ. 2025ರ ಜುಲೈ ಹೊತ್ತಿಗೆ ಹೀಗೆ ಕೊಟ್ಟ ಟಿಕೆಟ್ಟುಗಳ ಲೆಕ್ಕ 500 ಕೋಟಿ ಮುಟ್ಟಿತು. ಇದು ಪ್ರಯಾಣಗಳ ಲೆಕ್ಕ, ಹೆಂಗಸರ ತಲೆ ಲೆಕ್ಕ ಅಲ್ಲ.

ಇದರ ಬಗ್ಗೆ ಬಂದಷ್ಟು ಜೋಕು ಬೇರೆ ಯಾವುದರ ಬಗ್ಗೆಯೂ ಬಂದಿರಲಿಕ್ಕಿಲ್ಲ. "ಮನೇಲಿ ಅಡುಗೆ ಇಲ್ಲ, ಹೆಂಡ್ತಿ ಧರ್ಮಸ್ಥಳಕ್ಕೆ ಹೋಗಿದಾಳೆ" ಅನ್ನೋ ಥರದ್ದು. ದೇವಸ್ಥಾನಗಳಲ್ಲಿ ಜನ ಜಾಸ್ತಿ ಆದ್ರು ಅಂತ ನಕ್ಕರು. ನನಗನ್ಸೋದು ಇಷ್ಟೇ. ದೇವಸ್ಥಾನಕ್ಕೇ ಯಾಕೆ ಹೋದ್ರು ಅಂದ್ರೆ, ಮರುಪ್ರಶ್ನೆ ಇಲ್ಲದೇ ಮನೆಯಿಂದ ಬಿಡೋ ಜಾಗ ಅದೊಂದೇ ಆಗಿತ್ತು. ಭಕ್ತಿ ಇಲ್ಲ ಅಂತಲ್ಲ. ಭಕ್ತಿಯ ಜೊತೆಗೆ ಕಿಟಕಿ ಪಕ್ಕದ ಸೀಟು, ದಾರೀಲಿ ಸಿಗೋ ಊರುಗಳು, ಹೊಳೆ, ಗುಡ್ಡ, ಇನ್ನೊಬ್ಬರು ಮಾಡಿ ಬಡಿಸಿದ ಊಟ... ಇವೂ ಇವೆ. ಯಾರೋ ಮಾಡಿ ಬಡಿಸಿದ ಊಟದ ರುಚಿ ಏನು ಅಂತ ದಿನಾ ಕೂತು ಉಣ್ಣೋರಿಗೆ ಹೇಗೆ ಗೊತ್ತಾಗಬೇಕು?

ಹಾಗಂತ ಎದುರಿನವರ ಮಾತಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲ್ಲ. ಬಸ್ಸಲ್ಲಿ ನೂಕುನುಗ್ಗಲು ನಿಜ. ಸ್ಕೂಲಿಗೆ ಹೋಗೋ ಮಕ್ಕಳು ಫುಟ್‌ಬೋರ್ಡಲ್ಲಿ ನೇತಾಡೋದು ನಿಜ. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15ರಷ್ಟು ಏರಿದಾಗ ಟಿಕೆಟ್ ತಗೊಳ್ಳೋ ಗಂಡಸರಿಗೆ ಹೊಟ್ಟೆ ಉರಿದಿದ್ದೂ ನಿಜ. ದುಡ್ಡು ಕೊಟ್ಟವನು ನಿಂತು, ಕೊಡದವಳು ಕೂತು ಹೋದ್ರೆ ಅವನಿಗೆ ಬೇಜಾರಾಗೋದು ಸಹಜ. ಆದ್ರೆ ಅದಕ್ಕೆ ಪರಿಹಾರ ಬಸ್ಸು ಜಾಸ್ತಿ ಮಾಡೋದು, ನಿಗಮಗಳಿಗೆ ಸರ್ಕಾರ ಕೊಡಬೇಕಾದ ಹಣವನ್ನ ಸರಿಯಾದ ಹೊತ್ತಿಗೆ ಕೊಡೋದು. ಹೆಂಗಸರು ಮನೇಲೇ ಇರೋದಲ್ಲ. ಕೆಲಸಕ್ಕೆ ಹೋಗೋಳಿಗೆ ಫ್ರೀ ಇರ್ಲಿ, ಸುತ್ತೋಕೆ ಹೋಗೋಳಿಗೆ ಯಾಕೆ ಅನ್ನೋರೂ ಇದ್ದಾರೆ. ನನ್ನ ಪ್ರಕಾರ ಸುತ್ತೋಕೆ ಹೋಗೋಳಿಗೇ ಅದು ಹೆಚ್ಚು ಬೇಕು. ಕೆಲಸಕ್ಕೆ ಹೋಗೋಳ ಕೈಲಿ ಸ್ವಲ್ಪ ದುಡ್ಡಾದ್ರೂ ಇರುತ್ತೆ. ಮನೇಲಿ ದುಡಿಯೋಳು ಬಸ್ ಚಾರ್ಜಿಗೆ ಗಂಡನ ಮುಂದೆ ಕೈ ಚಾಚಬೇಕು, ಕೈ ಚಾಚಿದ ಕೂಡಲೇ "ಯಾಕೆ?" ಅನ್ನೋ ಪ್ರಶ್ನೆ ಬರುತ್ತೆ. ಫ್ರೀ ಟಿಕೆಟ್ಟು ಉಳಿಸಿದ್ದು ಐವತ್ತು ನೂರು ರೂಪಾಯಿ ಮಾತ್ರ ಅಲ್ಲ, ಆ ಪ್ರಶ್ನೆಯನ್ನ.

ಟಿಕೆಟ್ಟಿಗಿಂತ ದೊಡ್ಡ ತೊಂದರೆ ಬೇರೆ ಇದೆ, ಅದರ ಬಗ್ಗೆ ಯಾರೂ ಜೋಕು ಮಾಡಲ್ಲ. ಆ ದಿನ ಅಮ್ಮ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಲೋಟ ನೀರು ಕುಡೀಲಿಲ್ಲ. ಏಪ್ರಿಲ್ ಬಿಸಿಲು! ನಾನು ಬಾಟಲಿ ಕೊಟ್ರೆ "ಬೇಡ ಕಣೇ, ಆಮೇಲೆ ಎಲ್ಲಿಗೆ ಹೋಗೋದು" ಅಂದ್ರು. ದಾರೀಲಿ ಒಂದು ಬಸ್‌ಸ್ಟ್ಯಾಂಡಿನ ಲೇಡೀಸ್ ಟಾಯ್ಲೆಟ್ಟಿಗೆ ಬೀಗ, ಬೀಗದ ಕೈ ಯಾರ ಹತ್ರ ಅಂತ ಹುಡುಕೋಕೆ ಕಾಲು ಗಂಟೆ, ಸಿಕ್ಕ ಮೇಲೆ ಒಳಗೆ ನೀರಿಲ್ಲ. ಗಂಡಸರು ಎಲ್ಲಿ ಬೇಕಾದ್ರೂ ಬಸ್ಸು ನಿಲ್ಲಿಸಿ ಇಳೀತಾರೆ. ನಮ್ಮ ಹೆಂಗಸರು ದಾಹ ತಡ್ಕೊಂಡೇ ಊರು ನೋಡಿ ಬರೋದು. ಪ್ರವಾಸೋದ್ಯಮಕ್ಕೆ ಅಂತ ದೊಡ್ಡ ದೊಡ್ಡ ಕಮಾನು, ಸೆಲ್ಫಿ ಪಾಯಿಂಟು ಕಟ್ಟೋ ಬದಲು ಪ್ರತಿ ತಾಲ್ಲೂಕಿನ ಬಸ್‌ಸ್ಟ್ಯಾಂಡಲ್ಲಿ ನೀರಿರೋ, ಚಿಲಕ ಇರೋ ಒಂದು ಟಾಯ್ಲೆಟ್ ಇದ್ರೆ ಅರ್ಧ ಕರ್ನಾಟಕ ಪ್ರವಾಸ ಹೊರಡುತ್ತೆ. ಬರೆದಿಟ್ಕೊಳ್ಳಿ.

ಸರಿ, ಬೇಸಿಗೆ ಮುಗೀತಾ ಬಂತು. ಬೈದಿದ್ದು ಸಾಕು, ಈಗ ನನ್ನ ಮುಂದಿನ ಯೋಜನೆ ಹೇಳ್ತೀನಿ.

ಬೆಂಗಳೂರಲ್ಲಿ ನಾನಿರೋ ಪಿಜಿಯಲ್ಲಿ ಅಡುಗೆ ಮಾಡೋ ಅಕ್ಕ ಕಲಬುರಗಿ ಕಡೆಯವರು. ಇಲ್ಲಿಗೆ ಬಂದು ಒಂಬತ್ತು ವರ್ಷ. ಲಾಲ್‌ಬಾಗ್ ನೋಡಿಲ್ಲ. ನಾವಿರೋ ಕಡೆಯಿಂದ ಅದಕ್ಕೆ ಒಂದೇ ಬಸ್ಸು! ಭಾನುವಾರ ಮಧ್ಯಾಹ್ನದ ಊಟ ನಮ್ಮ ಪಿಜಿಯಲ್ಲಿ ಇರಲ್ಲ, ಹಾಗಾಗಿ ಅಕ್ಕನಿಗೆ ಅರ್ಧ ದಿನ ಬಿಡುವು. ಆ ಅರ್ಧ ದಿನವನ್ನೇ ಲೆಕ್ಕಕ್ಕೆ ಇಟ್ಕೊಂಡು ನಾವು ನಾಲ್ಕು ಜನ ಹುಡುಗೀರು, ಅಕ್ಕ ಸೇರಿ, ತಿಂಗಳಿಗೆ ಒಂದು ಭಾನುವಾರ ಹತ್ತಿರದ ಒಂದು ಜಾಗ ಅಂತ ತೀರ್ಮಾನ ಮಾಡಿದ್ದೀವಿ. ಪಟ್ಟಿ ಹೀಗಿದೆ:

ಜೂನ್: ಲಾಲ್‌ಬಾಗ್. ಗಾಜಿನ ಮನೆ ಎಲ್ರೂ ನೋಡ್ತಾರೆ. ನಾವು ಮೊದಲು ಹೋಗೋದು ಕೆಂಪೇಗೌಡ ಗೋಪುರ ಇರೋ ಬಂಡೆಗೆ. ಸುಮಾರು 300 ಕೋಟಿ ವರ್ಷ ಹಳೇ ಬಂಡೆ ಅದು. ಅದರ ಮೇಲೆ ಕೂತು ಚಿತ್ರಾನ್ನ ತಿನ್ನಬೇಕು ಅಂತ ಆಸೆ ಇತ್ತು, ಆದ್ರೆ ತೋಟದೊಳಗೆ ತಿಂಡಿ ತಂದು ಕಸ ಮಾಡೋದು ಬೇಡ ಅಂತ ಹೊರಗೆ ಬಂದು ತಿನ್ನೋದು ಅಂತಾಗಿದೆ :-)

ಜುಲೈ: ಬೇಗೂರು. ಇಲ್ಲಿನ ದೇವಸ್ಥಾನದ ಕ್ರಿ.ಶ. 890ರ ಸುಮಾರಿನ ಶಾಸನದಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತೆ. ಬೆಂದ ಕಾಳಿನಿಂದ ಬೆಂದಕಾಳೂರು ಅಂತ ಹೇಳೋ ಬಲ್ಲಾಳರಾಯನ ಕಥೆಗಿಂತ ಎಷ್ಟೋ ಹಿಂದೆಯೇ ಈ ಹೆಸರು ಇತ್ತು ಅಂತಾಯ್ತು.

ಆಗಸ್ಟ್: ರಾಮೋಹಳ್ಳಿ ದೊಡ್ಡ ಆಲದ ಮರ. ಸುಮಾರು ಮೂರು ಎಕರೆ ಹರಡಿದೆ. ಮೂಲ ಬುಡ ರೋಗ ಬಂದು ಹೋಗಿಬಿಟ್ಟಿದೆ, ಬಿಳಲುಗಳೇ ನೆಲಕ್ಕಿಳಿದು ಕಾಂಡಗಳಾಗಿ ಮರವನ್ನ ಹೊತ್ತು ನಿಂತಿವೆ.

ಸೆಪ್ಟೆಂಬರ್: ನಂದಿ. ಬೆಟ್ಟದ ಮೇಲಕ್ಕಲ್ಲ, ಕೆಳಗಿನ ಊರಿನ ಭೋಗನಂದೀಶ್ವರ. ಬಾಣರ ರಾಣಿ ರತ್ನಾವಳಿ ಕಟ್ಟಿಸಿದ್ದು ಅಂತ ಹೇಳೋ ಗುಡಿ, ಒಂಬತ್ತನೇ ಶತಮಾನದ್ದು. ಭಾನುವಾರ ಬೆಳಿಗ್ಗೆ ಬೆಟ್ಟಕ್ಕೆ ಕಾರುಗಳ ಸಾಲು, ಕೆಳಗಿನ ಕಲ್ಯಾಣಿ ಹತ್ರ ಅಷ್ಟು ಗದ್ದಲ ಇರಲ್ಲ.

ಚಳಿಗಾಲ ಬಂದ ಮೇಲೆ ಶಿವಗಂಗೆ. ಶಾಂತಲಾದೇವಿ ಕಣ್ಮುಚ್ಚಿದ ಜಾಗ. ಅದಕ್ಕೆ ಪೂರ್ತಿ ದಿನ ಬೇಕು, ಅಕ್ಕನಿಗೆ ಒಂದು ದಿನ ರಜೆ ಕೊಡಿಸೋದು ನಮ್ಮ ಜವಾಬ್ದಾರಿ.

ನಿಯಮ ನಾಲ್ಕೇ. ಒಬ್ಬೊಬ್ಬರ ಖರ್ಚು 200 ರೂಪಾಯಿ ದಾಟಬಾರದು. ಸಾಮಾನ್ಯ ಬಸ್ಸಲ್ಲೇ ಹೋಗಬೇಕು, ಆಧಾರ್ ಕಾರ್ಡ್ ಮರೀಬಾರದು. ಹೋದ ಕೂಡಲೇ ವಾಪಸ್ ಬರೋ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಕಂಡಕ್ಟರನ್ನ ಕೇಳಿ ತಿಳ್ಕೋಬೇಕು, ಫೋನಲ್ಲಿ ಚಾರ್ಜ್ ಇರಬೇಕು, 112 ನೆನಪಿರಬೇಕು. ಕೊನೇದು, ಯಾಕೆ ಹೋಗ್ತಿದೀರಿ ಅಂತ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಬಾರದು. ಹಣ್ಣುಕಾಯಿ, ಹರಕೆ, ಸಂಬಂಧಿಕರ ಮನೆ ಯಾವುದೂ ಬೇಡ. "ನೋಡ್ಬೇಕು ಅನ್ನಿಸ್ತು, ಹೊರಟ್ವಿ" ಅಂತಷ್ಟೇ ಹೇಳಬೇಕು.

ಈ ಕೊನೇ ನಿಯಮ ಕೇಳಿ ಅಡುಗೆ ಅಕ್ಕ ಜೋರಾಗಿ ನಕ್ಕುಬಿಟ್ರು. "ನಮ್ಮ ಮನ್ಯಾಗ ಹಂಗಂದ್ರ ಬಡದೇ ಬಿಡ್ತಾರ" ಅಂದ್ರು. ನಗ್ತಾನೇ ಹೇಳಿದ್ದು. ಆದ್ರೆ ಅದು ಪೂರ್ತಿ ತಮಾಷೆ ಅಲ್ಲ ಅಂತ ನಮಗೂ ಗೊತ್ತು. ಹಾಗಾಗಿ ಅಕ್ಕನಿಗೆ ಆ ನಿಯಮದಿಂದ ವಿನಾಯಿತಿ ಕೊಟ್ಟಿದ್ದೀವಿ, ಅವರಿಗೆ ಏನು ಹೇಳಿದ್ರೆ ಸಲೀಸೋ ಅದನ್ನೇ ಹೇಳಲಿ. ಹೇಳೋ ಧೈರ್ಯ ಮತ್ತು ಅನುಕೂಲ ಇರೋ ನಾವು ಮೊದಲು ಹೇಳೋಕೆ ಶುರು ಮಾಡಿದ್ರೆ, ಒಂದಿನ ಅವರೂ ಹೇಳೋ ಹಾಗಾಗಬಹುದು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯ ನಾಡು ಇದು. ಎಲ್ರೂ ಅಕ್ಕನ ಹಾಗೆ ಎಲ್ಲಾ ಬಿಟ್ಟು ಹೋಗಬೇಕಾಗಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರೋಕೂ ಅಷ್ಟು ಕಷ್ಟ ಆಗಬಾರದು, ಅಷ್ಟೇ ನಾನು ಹೇಳ್ತಿರೋದು.

ಇದನ್ನ ಓದ್ತಿರೋರಿಗೆ ಒಂದು ಕೆಲಸ ಕೊಡ್ತೀನಿ. ಮುಂದಿನ ರಜೆಗೆ ದೂರದ ಟಿಕೆಟ್ಟು ಬುಕ್ ಮಾಡಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ಮನೇಲಿ ಅಮ್ಮನನ್ನೋ, ಅತ್ತೆಯನ್ನೋ, ಹೆಂಡತಿಯನ್ನೋ ಒಂದು ಮಾತು ಕೇಳಿ: ನಮ್ಮೂರಿಂದ 40 ಕಿ.ಮೀ. ಒಳಗೆ ನೀವು ನೋಡಬೇಕು ಅಂದ್ಕೊಂಡು ನೋಡದೇ ಉಳಿದಿರೋ ಜಾಗ ಯಾವುದು? ತಕ್ಷಣ ಉತ್ತರ ಬರಲ್ಲ. "ಏ, ನಂಗೇನಿದೆ, ಬಿಡು" ಅಂತಾರೆ. ಬಿಡಬೇಡಿ, ಇನ್ನೊಂದು ಸಲ ಕೇಳಿ. ಎರಡನೇ ಸಲಕ್ಕೆ ಒಂದು ಊರಿನ ಹೆಸರು ಬಂದೇ ಬರುತ್ತೆ.

ಅಮ್ಮನನ್ನ ನಾನೂ ಮೊನ್ನೆ ಮತ್ತೆ ಕೇಳಿದೆ. ದೊಡ್ಡಗದ್ದವಳ್ಳಿ ಅಂದ್ರು. ಹಾಸನದಿಂದ ಬೇಲೂರಿಗೆ ಹೋಗೋ ದಾರೀಲಿ ಬಲಗಡೆಯೋ ಎಡಗಡೆಯೋ ಅಂತ ಬಸ್ಸಲ್ಲಿ ಪಕ್ಕದವರನ್ನ ಆಗಲೇ ವಿಚಾರಿಸಿಟ್ಕೊಂಡಿದ್ರಂತೆ.